ಕೀ ತೆಗೆದರೆ ನಿಲ್ಲುವ ಕರೆಂಟು

ಮೊನ್ನೆ ತಿಪಟೂರಿನಲ್ಲಿ ಲಾರಿಗೆ ಮೊಬೈಲ್ ಚಾರ್ಜರ್ ಹಾಕಿಸುತ್ತಿದ್ದೆ. ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಆ ವಾಸನೆಗೆ ಕಿಬ್ಬನಹಳ್ಳಿಯ ಚಾಚಾ ನೆನಪಾದರು.

ಅವರು ಲಾರಿಗಳ ವೈರಿಂಗ್ ಮಾಡುತ್ತಿದ್ದರು. ಹೆದ್ದಾರಿ ಪಕ್ಕದಲ್ಲಿ ತಗಡಿನ ಅಂಗಡಿ, ಹಿಂದೆಯೇ ಮನೆ. ಎರಡು ಸಾವಿರದ ಇಸವಿಯ ಆಚೀಚೆ ನಾನು ಮೊದಲ ಲಾರಿ ಕೊಂಡು ಕೊಬ್ಬರಿ ಸಾಗಿಸಲು ಶುರುಮಾಡಿದ್ದೆ. ಕ್ಯಾಬಿನ್ನಿನ ಫ್ಯಾನು, ಟೇಪ್ ರೆಕಾರ್ಡರಿಗೆ ಬ್ಯಾಟರಿಯಿಂದಲೇ ನೇರವಾಗಿ ವೈರು ಎಳೆದಿದ್ದೆ. ಆರಿಸಲು ಮರೆತರೆ ಮುಗಿಯಿತು. ಬ್ಯಾಟರಿ ಇಳಿದು, ಮಂಡಿಯ ಹಮಾಲಿಗಳೆಲ್ಲ ಸೇರಿ ಗಾಡಿ ತಳ್ಳಬೇಕಾಗುತ್ತಿತ್ತು.

"ಕೀ ತೆಗೆದ್ರೆ ಕರೆಂಟು ನಿಲ್ಲೋ ವೈರು ಬೇಕು ಕಣಪ್ಪ. ಹುಡುಕೋಣ, ಹತ್ತು," ಅಂದರು ಚಾಚಾ.

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಒಂದೊಂದೇ ವೈರಿಗೆ ಟೆಸ್ಟ್ ಬಲ್ಬು ಮುಟ್ಟಿಸಿ, ನನ್ನಿಂದ ಕೀ ಹಾಕಿಸಿ ತೆಗೆಸಿ, "ಉರೀತಾ?" ಎಂದು ಕೇಳುತ್ತಿದ್ದರು. ಬಲ್ಬು ಅವರ ಕೈಯಲ್ಲೇ ಇತ್ತು. ಬಗ್ಗಿ ನೋಡಿದೆ. ಅದು ಚೆನ್ನಾಗಿಯೇ ಉರಿಯುತ್ತಿತ್ತು. ಅವರು ಅದನ್ನೇ ದಿಟ್ಟಿಸುತ್ತಾ ನನ್ನ ಉತ್ತರಕ್ಕೆ ಕಾಯುತ್ತಿದ್ದರು...

ಕೊನೆಗೆ ವೈಪರಿನ ವೈರು ಸಿಕ್ಕಿತು, ಫ್ಯಾನಿನ ವೈರನ್ನು ಅದಕ್ಕೆ ಬೆಸೆದರು. ಕೀ ಹಾಕಿದರೆ ಫ್ಯಾನು ತಿರುಗಿತು, ತೆಗೆದರೆ ನಿಂತಿತು. ಟೀ ತಂದ ಚಾಚಿ ಲೋಟವನ್ನು ಗಂಡನ ಕೈಗೆ ಹಿಡಿಸಿ ನನ್ನತ್ತ ತಿರುಗಿದರು. "ನೀನಾದ್ರೂ ಹೇಳಪ್ಪ. ಕಣ್ಣಿಗೆ ಪೊರೆ ಬಂದದೆ. ಆಪರೇಷನ್ ಅಂದ್ರೆ ಹೆದರ್ತಾರೆ."

"ಬನ್ನಿ ಚಾಚಾ, ತುಮಕೂರಿಗೇ ಹೊರಟಿದೀನಿ. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ."

"ಕಣ್ಣಿಗೇ ಕತ್ತಿ ಹಾಕ್ತಾರಲ್ಲಪ್ಪಾ... ಮುಂದಿನ ಸಲ ಬತ್ತೀನಿ ಬುಡು."

ಮುಂದಿನ ಸಲ ಹೋದಾಗ ಬಲ್ಬಿನ ಜಾಗದಲ್ಲಿ ಬಜರ್ ಕಟ್ಟಿಕೊಂಡಿದ್ದರು. ವೈರಿನಲ್ಲಿ ಕರೆಂಟಿದ್ದರೆ ಅದು ಕಿರ್ರೆನ್ನುತ್ತಿತ್ತು. "ಈಗ ಯಾರನ್ನೂ ಕೇಳೋದೇ ಬೇಡ ನೋಡು!" ಎಂದು ನಕ್ಕರು. ಡ್ರೈವರುಗಳೆಲ್ಲ ಭಲೇ ಅಂದರು. ಚಾಚಿ ನಗಲಿಲ್ಲ. ಕೆಲಸ ಹೇಗೋ ಸಾಗುತ್ತಿತ್ತು, ಹಾಗಾಗಿ ಆಸ್ಪತ್ರೆ ಮುಂದಕ್ಕೆ ಹೋಗುತ್ತಲೇ ಇತ್ತು. ನಾನು ಕರೆದಾಗಲೆಲ್ಲ ಅದೇ ಮಾತು, ಮುಂದಿನ ಸಲ.

ತಡೆಯಲಾರದ ನೋವು ಬಂದ ಮೇಲೆಯೇ ಅವರು ನನ್ನ ಲಾರಿ ಹತ್ತಿದ್ದು. ಪೊರೆ ಬಲಿತು ಕಣ್ಣಿನೊಳಗೆ ಒತ್ತಡ ಏರಿದೆ, ನರವೇ ಹೋಗಿದೆ, ಮೊದಲೇ ಬಂದಿದ್ದರೆ ದೃಷ್ಟಿ ಉಳಿಸಬಹುದಿತ್ತು ಎಂದರು ಡಾಕ್ಟರು. ವಾಪಸು ಬರುವಾಗ ಗುಬ್ಬಿ ದಾಟಿದ ಮೇಲೆ ಚಾಚಾ ಮೆಲ್ಲಗೆ, "ನೀನು ಮೊದಲ ಸಲ ಕರೆದಾಗ್ಲೇ ಹತ್ತಬೇಕಾಗಿತ್ತು ಕಣಪ್ಪ," ಅಂದರು. ನಾನು ಗೇರು ಬದಲಾಯಿಸಿದೆ.

ಅಂಗಡಿ ಮುಚ್ಚಿತು. ಇಬ್ಬರೂ ತುರುವೇಕೆರೆಗೆ, ಮಗಳ ಮನೆಗೆ ಹೋದರು. ಅಲ್ಲೇ ಹತ್ತಿರದ ಮಾಯಸಂದ್ರದ ಕಡೆ ಲೋಡು ಸಿಕ್ಕಾಗ ಹೋಗಿ ಮಾತಾಡಿಸಿ ಬರುತ್ತಿದ್ದೆ. ಚಾಚಾ ತೀರಿಕೊಂಡಾಗ ಮಾತ್ರ ನಾನು ದೂರದ ಊರಿನಲ್ಲಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ.

ಈಗಲೂ ಕಿಬ್ಬನಹಳ್ಳಿ ಬಂದರೆ ಗಾಡಿ ನಿಧಾನ ಮಾಡುತ್ತೇನೆ. ರಸ್ತೆ ಅಗಲವಾಗಿದೆ, ಬದಿಯ ಅಂಗಡಿಗಳೆಲ್ಲ ಹೊಸವು. ಚಾಚಾ ಕೂರುತ್ತಿದ್ದ ಜಾಗ ಯಾವುದೆಂದು ನನಗೂ ಈಗ ಗುರುತು ಸಿಗುವುದಿಲ್ಲ...