ತಲೆಯ ಮೇಲಿಂದ ಕಂಡದ್ದು

ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯ ಹಿಂದೆ ನಿಂತು ಕತ್ತರಿ ಆಡಿಸಿದ್ದ ಕ್ಷೌರಿಕನಿಗೆ ಜನರ ಮುಖ ಮರೆತರೂ ನೆತ್ತಿಯ ಸುಳಿ ಮರೆಯುತ್ತಿರಲಿಲ್ಲ. ಬಾಯಿಗೆ ಮಾತ್ರ ಬಿಡುವಿಲ್ಲ. ಗಿರಾಕಿಗಳು ಅವನನ್ನು ‘ರೇಡಿಯೋ’ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಗಣಿತದ ಮೇಷ್ಟ್ರ ಗಡ್ಡ ಹೆರೆಯುತ್ತಿದ್ದಾಗ ರೇಡಿಯೋ ತಟ್ಟನೆ ನಿಂತುಹೋಯಿತು. ತಲೆ ಹಿಂದಕ್ಕೆ ಒರಗಿಸಿ ಮೇಲಿಂದ ಬಗ್ಗಿ ನೋಡಿದರೆ, ಎಡಗಣ್ಣು ಬಲಗಣ್ಣಿಗಿಂತ ಅಕ್ಕಿಕಾಳಿನಷ್ಟು ಮುಂದಿತ್ತು.

“ಮೇಷ್ಟ್ರೇ, ಈ ಕಣ್ಣು ಮುಂದೆ ಬಂದಿದೆಯಲ್ಲ?”

“ನಿನ್ನ ಕಣ್ಣೇ ಹಿಂದೆ ಹೋಗಿರಬೇಕು. ಬೇಗ ಮುಗಿಸಯ್ಯ, ಕ್ಲಾಸಿದೆ.”

“ನೋವಿದೆಯಾ?”

“ಇಲ್ಲ ಕಣಯ್ಯ. ಹಣೆ ಮಾತ್ರ ಆ ಕಡೆ ಜೋಮು ಹಿಡಿದ ಹಾಗಿರುತ್ತೆ.”

ಕ್ಷೌರಿಕ ಕತ್ತಿ ಕೆಳಗಿಟ್ಟ. “ಆಸ್ಪತ್ರೆಗೆ ಹೋಗ್ತೀನಿ ಅಂತ ಮಾತು ಕೊಡಿ. ಆಮೇಲೇ ಉಳಿದರ್ಧ ಗಡ್ಡ.”

ಮೇಷ್ಟ್ರು ಒಂಟಿ ಜೀವ. ಹಾಗಾಗಿ ಅಂಗಡಿಗೆ ಬೀಗ ಜಡಿದು ಇವನೇ ಜೊತೆಗೆ ಹೋದ. ಕಣ್ಣಿನ ಡಾಕ್ಟರಮ್ಮ ಮೇಷ್ಟ್ರನ್ನು ಕೂರಿಸಿ, ಅವರ ಬೆನ್ನ ಹಿಂದೆ ಹೋಗಿ, ತಲೆಯ ಮೇಲಿಂದ ಬಗ್ಗಿ ನೋಡಿದರು. ಕ್ಷೌರಿಕ ಕತ್ತು ಚಾಚಿ ನೋಡಿದ. ಅದು ದಿನವೂ ತಾನು ನಿಲ್ಲುವ ಜಾಗ!

“ಮೊದಲು ಗಮನಿಸಿದ್ದು ಯಾರು?” ಎಂದರು.

“ನಾನಮ್ಮ. ಎರಡೂ ಕಡೆ ಸಮ ಇದೆಯಾ ಅಂತ ನೋಡೋದೇ ನನ್ನ ಕಸುಬು.”

ಸ್ಕ್ಯಾನಿನಲ್ಲಿ ಕಣ್ಣುಗುಡ್ಡೆಯ ಹಿಂದೆ, ಮೇಲ್ಗಡೆ, ನುಣುಪಾದ ಗಡ್ಡೆ ಕಂಡಿತು.

“ಕ್ಯಾನ್ಸರ್ ಥರ ಕಾಣ್ತಿಲ್ಲ. ಹಣೆಯ ನರದ ಹೊದಿಕೆಯಲ್ಲಿ ಬೆಳೆದಿರೋ ಹಾಗಿದೆ. ಆದ್ರೆ ಹೀಗೇ ಬಿಟ್ರೆ ದೃಷ್ಟಿಯ ನರ ಒತ್ತುತ್ತೆ. ತೆಗೆಯೋಣ.”

“ಅಷ್ಟು ಇಕ್ಕಟ್ಟಲ್ಲಿ ಹೇಗಮ್ಮ ಕೈ ಆಡುತ್ತೆ?”

“ರೆಪ್ಪೆಯ ಮಡಿಕೆಯಲ್ಲಿ ಕುಯ್ದು ಒಳಗೆ ಹೋಗ್ತೀವಿ.”

ಆಪರೇಷನ್ ಮೂರು ಗಂಟೆ ಹಿಡಿಯಿತು. ಹೊರಬಂದ ಡಾಕ್ಟರಮ್ಮನ ಕೈಯಲ್ಲೊಂದು ಪುಟ್ಟ ಸೀಸೆ. ಒಳಗೆ ಕಡಲೆಬೀಜದಷ್ಟು ದೊಡ್ಡ, ಹಳದಿ ಬಣ್ಣದ ಗಡ್ಡೆ. ಅದರ ಪೊರೆ ಎಲ್ಲೂ ಹರಿದಿರಲಿಲ್ಲ. ಸೂಕ್ಷ್ಮದರ್ಶಕದಡಿ ನರದ ಎಳೆಗಳನ್ನು ಒಂದೊಂದಾಗಿ ಸರಿಸಿ ಬಿಡಿಸಿದೆವು, ಒಂದು ಎಳೆಯನ್ನು ಮಾತ್ರ ಉಳಿಸಲಾಗಲಿಲ್ಲ ಎಂದರು. ಗಂಟಲ ಮೇಲೆ ಕತ್ತಿ ಆಡಿಸಿಯೂ ಎಂದೂ ನಡುಗದ ತನ್ನ ಕೈಗಳ ಬಗ್ಗೆ ಕ್ಷೌರಿಕನಿಗೆ ಬಹಳ ಹೆಮ್ಮೆಯಿತ್ತು. ಈಗ ಆ ಕೈಗಳು ತಾವಾಗಿಯೇ ಡಾಕ್ಟರಮ್ಮನಿಗೆ ಮುಗಿದವು.

ಗಡ್ಡೆಯ ಪರೀಕ್ಷೆಯ ವರದಿಯೂ ಡಾಕ್ಟರಮ್ಮ ಮೊದಲೇ ಅಂದದ್ದನ್ನೇ ಹೇಳಿತು: ಅಪಾಯವಿಲ್ಲದ ಗಡ್ಡೆ. ಪಟ್ಟಿ ಬಿಚ್ಚಿದ ದಿನ ಮೇಷ್ಟ್ರು ಬಲಗಣ್ಣು ಮುಚ್ಚಿಕೊಂಡು, ಗೋಡೆಯ ಪಟದ ಕೊನೆಯ ಸಾಲನ್ನು ತಡವರಿಸದೆ ಓದಿದರು. ನರದ ಒಂದು ಎಳೆ ಹೋಗಿದ್ದರಿಂದ ಹಣೆಯ ಎಡಬದಿ ಮರಗಟ್ಟಿತ್ತು. ಅದು ಪೂರ್ತಿ ಹೋಗದಿರಬಹುದು ಎಂದರು ಡಾಕ್ಟರಮ್ಮ.

“ಇರಲಿ ಬಿಡಿ,” ಎಂದು ಮೇಷ್ಟ್ರು ಎದ್ದು, ಹೊಳೆಯುವ ಎರಡೂ ಕಣ್ಣುಗಳಿಂದ ಕ್ಷೌರಿಕನನ್ನೇ ನೋಡುತ್ತ ನಿಂತರು.