ಶಾಲಿನಲ್ಲಿ ಸುತ್ತಿದ ಫೋನು

ಶಹಾಬಾದ್ ಕಡೆಯ ಕಲ್ಲಿನ ಗಣಿಯಲ್ಲಿ ಕೂಲಿಕಾರರ ಸಂಘ ಕಟ್ಟಿದ್ದ ನನ್ನ ಅಕ್ಕನ ಫೋನನ್ನು ಪೊಲೀಸರು ಒಯ್ದಿದ್ದರು. ಕೋರ್ಟಿನ ಅಪ್ಪಣೆ ತೋರಿಸಿ ಎಂದರೆ, ಫೋನಿನೊಳಗಿನ ಮಾತು ಕೇಳಲು ಹೊಸ ಕಾಯ್ದೆಯಲ್ಲಿ ಅದು ಬೇಕಿಲ್ಲ ಎಂದರು. ಅಕ್ಕನಿಗೆ ಫೋನಿನ ಚಿಂತೆ ಇರಲಿಲ್ಲ. ಮೇಸ್ತ್ರಿಯ ಕಾಟದ ಬಗ್ಗೆ ಗಣಿಯ ಹೆಂಗಸರು ಅಳುತ್ತ ಕಳಿಸಿದ್ದ ಮಾತುಗಳೆಲ್ಲ ಅದರಲ್ಲಿದ್ದವು. ಅವು ಮೇಸ್ತ್ರಿಯ ಕಿವಿಗೆ ಬಿದ್ದರೆ ಅವರ ಕೆಲಸ ಹೋಗುತ್ತಿತ್ತು.

ಆ ಕಾಯ್ದೆಗೆ ಕೈ ಎತ್ತಿದ್ದ ಶಾಸಕರೊಬ್ಬರು ಮಳಖೇಡದಲ್ಲಿ ನಮ್ಮ ಬಳಗದ ಮದುವೆಗೆ ಬಂದರು. ಅವರಿಗೆ ಶಾಲು ಹೊದಿಸಿದ ಮೇಲೆ ನಾನು ಎದುರು ನಿಂತೆ. ಚರ್ಚಾ ಸ್ಪರ್ಧೆಗಳಲ್ಲಿ ಸೋತು ಗೊತ್ತಿಲ್ಲದವನು. ವಾದವನ್ನು ದಾರಿಯುದ್ದಕ್ಕೂ ಮಸೆದುಕೊಂಡು ಬಂದಿದ್ದೆ.

"ಸಾಹೇಬ್ರ, ಜಡ್ಜ್ ಸಾಹೇಬ್ರನ್ನ ಕೇಳಲಾರದೇ ಮಂದಿ ಮಾತು ಕದ್ದು ಕೇಳೂದಕ್ಕ ನೀವು ಯಾಕ ಒಪ್ಪಿದ್ರಿ?"

"ತಡಿ ತಮ್ಮಾ."

ಶಾಸಕರು ತಮ್ಮ ಫೋನನ್ನು ಅದೇ ಶಾಲಿನಲ್ಲಿ ಸುತ್ತಿ, ಗಾಡಿಯೊಳಗೆ ಇಟ್ಟು ಬಾ ಎಂದು ಡ್ರೈವರನ ಕೈಗೆ ಕೊಟ್ಟರು. ಅವನು ಮರೆಯಾದ ಮೇಲೆ ನನ್ನ ಕಿಸೆಯತ್ತ ನೋಡಿದರು.

"ನಿಂದೂ ಕೊಡಬೇಕಿತ್ತು. ನೀ ಹೇಳೂದು ಖರೇ ಅದ. ಆದ್ರ ಸಭಾದಾಗ ಒಬ್ರೂ ಬಾಯಿ ತೆಗೀಲಿಲ್ಲ. ನಮ್ಮ ಫೋನಿನಾಗ ಏನೇನವ ಅಂತ ನಮಗ ಗೊತ್ತದಲ್ಲ."

"ಹಂಗಾದ್ರ ನಮ್ಮಕ್ಕನ ಗತಿ ಏನ್ರಿ?"

"ಉಂಡು ಹೋಗು. ಹುಗ್ಗಿ ಭಾಳ ಛಲೋ ಆಗ್ಯದ."

ಒಪ್ಪಿಕೊಂಡು ಕುಳಿತವರನ್ನು ಸೋಲಿಸುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮನೆಗೆ ಬಂದಾಗ ಅಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಅವಳಿಗೆ ಮಾತು ಕಳಿಸಿದ್ದ ಇಬ್ಬರು ಹೆಂಗಸರನ್ನು ಅಂದೇ ಕೆಲಸದಿಂದ ತೆಗೆದಿದ್ದರು.

"ಏನಂದ್ರು?" ಎಂದಳು.

ನಾನು ಮೊದಲು ನನ್ನ ಫೋನನ್ನು ಒಳಗಿಟ್ಟು ಬಂದೆ. ಆಮೇಲೆ ಹೇಳಿದೆ.