ಮರಿಸ್ವಾಮಿ ಮೇಸ್ತ್ರಿಯ ಕೊನೆಯ ಕಂಬ

ಚೆನ್ನೈನ ಮೈಲಾಪೂರಿನ ಫ್ಲಾಟುಗಳಿಗೆ ತಾರಸಿ ಹಾಕುವ ಮಂಡ್ಯದ ಮರಿಸ್ವಾಮಿ ಮೇಸ್ತ್ರಿಗೆ, ಕಾಂಕ್ರೀಟು ಬಿಗಿಯಾದರೆ ಗೊತ್ತಿದ್ದ ಮದ್ದು ಒಂದೇ: ಇನ್ನೊಂದು ಬಕೆಟ್ ನೀರು. ಎರಡು ಸಾವಿರದ ಇಸವಿ ಬಂದದ್ದೇ, ಎಂಜಿನಿಯರ್ ಅನು ನೀರು ಕಡಿಮೆ ಮಾಡಿಸಿ, ಕ್ಯಾನಿನಿಂದ ಕಂದು ಬಣ್ಣದ ಔಷಧಿಯನ್ನು ಅಳೆದು ಸುರಿಸತೊಡಗಿದಳು. ಮುದ್ದೆಯಂತಿದ್ದ ಕಾಂಕ್ರೀಟು ಪಾಯಸದಂತೆ ಹರಿಯಿತು. "ನೀರು ಕಮ್ಮಿ, ಹರಿಯೋದು ಜಾಸ್ತಿ, ಬಲಾನೂ ಜಾಸ್ತಿಯಂತೆ! ಯಾವ ಸೀಮೆ ಲೆಕ್ಕ ಕಣವ್ವ ಇದು?" ಎಂದು ಮೇಸ್ತ್ರಿ ದಿನಕ್ಕೆ ಹತ್ತು ಸಲ ಕೇಳುತ್ತಾರೆ, ಕ್ಯಾನು ಮೂಸುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ತಾರಸಿಯ ಕೆಳಗಿನ ಆಸರೆ ಕಂಬಗಳನ್ನು ಬಿಚ್ಚುವ ದಿನ ಮಾತ್ರ ಕೂಲಿಯವರನ್ನೆಲ್ಲ "ವೆಳಿಯ ಪೋಂಗಪ್ಪಾ" ಎಂದು ಆಚೆ ಅಟ್ಟಿ, ಕೊನೆಯ ಕಂಬವನ್ನು ಒಬ್ಬರೇ ನಿಂತು ಎಳೆಯುತ್ತಾರೆ. "ಕಾಂಕ್ರೀಟು ಟೆಸ್ಟ್‌ನಲ್ಲಿ ಪಾಸಾಗಿದೆ, ಇನ್ನೂ ಅನುಮಾನಾನಾ?" ಎಂದು ಅನು ಕೇಳಿದರೆ, "ಅನುಮಾನ ಅಲ್ಲ ಕಣವ್ವ, ನಂಗೆ ಅರ್ಥ ಆಗಿಲ್ಲ. ಅರ್ಥ ಆಗದೇ ಇರೋದರ ಕೆಳಗೆ ಬೇರೆಯವರನ್ನ ಹೆಂಗೆ ನಿಲ್ಲಿಸ್ಲಿ?"